ಮೆರವಣಿಗೆಯಲ್ಲಿ ಕುದಿಯುವ ಅಂಬಾಸಿಡರ್: ಒಂದು ಕರೆಂಟ್ ಫ್ಯಾನಿನ ಪ್ರಕರಣ

ಫೆಬ್ರವರಿ ಕೊನೆಯ ವಾರ. ಜಮಖಂಡಿಯಲ್ಲಿ ಬಿಸಿಲು ಆಗಷ್ಟೇ ಏರತೊಡಗಿತ್ತು. ನಮ್ಮ ಅಂಗಡಿ ಮುಂದೆ ಒಂದು ಬಿಳಿ ಅಂಬಾಸಿಡರ್ ಬಂದು ನಿಂತಿತು. ಬಾನೆಟ್ ಸಂದಿಯಿಂದ ಹಬೆ ಏಳುತ್ತಿತ್ತು. ಗಾಡಿಯಿಂದ ಇಳಿದವರು ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮಾಸ್ತರು.

"ಗಾಡಿ ಭಾಳ ಕಾಯಾಕತ್ತೈತೋ ತಮ್ಮಾ," ಎಂದರು. "ಮೇ ತಿಂಗಳಾಗ ಮೊಮ್ಮಗನ ಮದವಿ ಐತಿ. ಮೆರವಣಿಗಿ ಇದರಾಗ ಆಗಬೇಕಂತ ಹಟಾ ಹಿಡದಾನ. ಒಂದ್ ಕರೆಂಟ್ ಫ್ಯಾನ್ ಹಾಕಿಬಿಡು, ಮುಗೀತು."

ನಾನು ಆಟೋ ಎಲೆಕ್ಟ್ರಿಷಿಯನ್. ಡೈನಮೋ, ಸ್ಟಾರ್ಟರ್, ವೈರಿಂಗ್ ನನ್ನ ಕೆಲಸ. ಹಳೇ ಗಾಡಿ ಇಟ್ಟುಕೊಂಡವರು ಬೇಸಿಗೆ ಬಂತೆಂದರೆ ಕರೆಂಟ್ ಫ್ಯಾನ್ ಕೇಳುತ್ತಾರೆ. ಅಂದರೆ ಎಂಜಿನ್ ನೀರು ತಣಿಸುವ ರೇಡಿಯೇಟರ್ ಮೂಲಕ ಗಾಳಿ ಹಾಯಿಸುವ, ಕರೆಂಟಿನಿಂದ ತಿರುಗುವ ಫ್ಯಾನ್. ಹಾಕಿ ಕೊಡುವುದು ಸುಲಭ. ಅರ್ಧ ದಿನದ ಕೆಲಸ. ಆದರೆ ಫ್ಯಾನ್ ಹಾಕಿಸಿಕೊಂಡ ಮೇಲೂ ಕುದಿಯುವ ಗಾಡಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ರಾತ್ರಿ ಬ್ಯಾಟರಿ ಇಳಿದು ದಾರಿಯಲ್ಲಿ ನಿಂತ ಗಾಡಿಗಳನ್ನೂ ನೋಡಿದ್ದೇನೆ. ಹಾಗಾಗಿ ಈ ಗಾಡಿಯ ಕೆಲಸವನ್ನು ಮೊದಲಿನಿಂದ ಕೊನೆವರೆಗೂ ಬರೆದಿಡುತ್ತಿದ್ದೇನೆ. ಇಂಥದೇ ಗಾಡಿ ಮನೆಯಲ್ಲಿ ಇರುವವರಿಗೆ ಉಪಯೋಗವಾಗಬಹುದು.

ಗಾಡಿ 1977ರ ಮಾರ್ಕ್ 3. ಹಿಂದೂಸ್ತಾನ್ ಮೋಟರ್ಸ್ ಕಂಪನಿ ಉತ್ತರಪಾಡಾದಲ್ಲಿ ತಯಾರಿಸಿದ್ದು. ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿ, ಅಲ್ವಾ. ಎಂಜಿನ್ ಕೂಡ ಅಲ್ಲಿಯದೇ, 1489 ಸಿಸಿ ಪೆಟ್ರೋಲ್. ಬ್ಲಾಕ್ ಬೀಡು ಕಬ್ಬಿಣದ್ದು, ರೇಡಿಯೇಟರ್ ಹಿತ್ತಾಳೆ ಮತ್ತು ತಾಮ್ರದ್ದು. ಮಾಸ್ತರು ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡು ಮೂವತ್ತು ವರ್ಷದ ಮೇಲಾಗಿದೆ.

ಫ್ಯಾನಿನ ಮಾತು ಪಕ್ಕಕ್ಕಿಟ್ಟು ನಾನು ಒಂದೇ ಪ್ರಶ್ನೆ ಕೇಳಿದೆ: ಗಾಡಿ ಯಾವಾಗ ಬಿಸಿಯಾಗುತ್ತದೆ?

ಮಾಸ್ತರು ಗ್ಲೌ ಬಾಕ್ಸ್‌ನಿಂದ ಒಂದು ನೋಟ್‌ಬುಕ್ ತೆಗೆದರು. ಪೆಟ್ರೋಲ್ ಲೆಕ್ಕ ಬರೆಯುವ ಪುಸ್ತಕ. ಅದರ ಹಿಂದಿನ ಪುಟದಲ್ಲಿ ಗಾಡಿ ತೊಂದರೆ ಕೊಟ್ಟ ನಾಲ್ಕು ಸಲದ ವಿವರ ಇತ್ತು. ಗಣಿತದ ಮಾಸ್ತರಲ್ವಾ, ಸಮಯ ಮತ್ತು ಕಿಲೋಮೀಟರ್ ಸಮೇತ ಬರೆದಿದ್ದರು.

ಮೊದಲ ಸಲ ಮುಧೋಳ ರಸ್ತೆಯಲ್ಲಿ. ಮುಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು. ಅವುಗಳ ಹಿಂದೆ ಸೆಕೆಂಡ್ ಗೇರಿನಲ್ಲಿ ತೆವಳಿದಾಗ ಶಾಖದ ಮುಳ್ಳು ಮೇಲೇರಿದೆ. ಎರಡನೇ ಸಲ ಬನಹಟ್ಟಿ ಪೇಟೆಯ ಗದ್ದಲದಲ್ಲಿ. ಅದೂ ನಿಂತು ನಿಂತು ಹೋದಾಗ. ಮೂರನೇ ಸಲ ಖಾಲಿ ರಸ್ತೆಯಲ್ಲಿ, 60ರ ವೇಗದಲ್ಲಿ, ಅರ್ಧ ತಾಸು ಓಡಿದ ಮೇಲೆ. ನಾಲ್ಕನೇ ಸಲ ಚಹಾ ಕುಡಿಯಲು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಬಂದರೆ ಗಾಡಿ ಸ್ಟಾರ್ಟ್ ಆಗಿಲ್ಲ. ಹಬೆ ಇರಲಿಲ್ಲ. ಅರ್ಧ ತಾಸು ಬಿಟ್ಟು ತಾನೇ ಸ್ಟಾರ್ಟ್ ಆಗಿದೆ.

ಮಾಸ್ತರ ಲೆಕ್ಕದಲ್ಲಿ ಇವೆಲ್ಲ ಒಂದೇ ರೋಗ, "ಕಾಯ್ತೈತಿ". ನನ್ನ ಪ್ರಕಾರ ಇಲ್ಲಿ ಮೂರು ಬೇರೆ ಬೇರೆ ರೋಗ ಇದ್ದವು.

ಗಾಡಿ 60ರಲ್ಲಿ ಓಡುವಾಗ ಎದುರಿನ ಗಾಳಿ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ವೇಗದಲ್ಲಿ ಗ್ರಿಲ್‌ಗೆ ಬಡಿಯುತ್ತದೆ. ಅಷ್ಟು ಗಾಳಿಯನ್ನು ಇಂಥ ಯಾವ ಫ್ಯಾನೂ ಎಳೆಯುವುದಿಲ್ಲ. ಅಷ್ಟಿದ್ದೂ ಬಿಸಿಯಾದರೆ ತೊಂದರೆ ಇರುವುದು ಗಾಳಿಯಲ್ಲಲ್ಲ. ನೀರಿನಲ್ಲಿ, ರೇಡಿಯೇಟರ್‌ನಲ್ಲಿ, ಇಲ್ಲ ಟೈಮಿಂಗ್‌ನಲ್ಲಿ, ಅಂದರೆ ಪ್ಲಗ್ ಕಿಡಿ ಹಾರಿಸುವ ಹೊತ್ತಿನಲ್ಲಿ. ನಿಂತಾಗ ಮತ್ತು ತೆವಳುವಾಗ ಮಾತ್ರ ಬಿಸಿಯಾದರೆ ಅದು ಗಾಳಿಯ ಕೊರತೆ. ಅಲ್ಲಿ ಫ್ಯಾನ್ ಕೆಲಸಕ್ಕೆ ಬರುತ್ತದೆ. ನಾಲ್ಕನೆಯದು ಪೆಟ್ರೋಲಿನದು. ಅದರ ಮಾತು ಮುಂದೆ ಬರುತ್ತದೆ.

ಮೊದಲು ನೀರು. ಡ್ರೇನ್ ಕಾಕ್ ತಿರುಗಿಸಿದರೆ ಚಹಾ ಬಣ್ಣದ ನೀರು ಬಂತು. ಏನು ಹಾಕುತ್ತೀರಿ ಎಂದು ಕೇಳಿದೆ. ಮನೆಯ ಬೋರ್ ನೀರು ಎಂದರು. ನಮ್ಮ ಕಡೆಯ ಬೋರ್ ನೀರು ಎಷ್ಟು ಗಡಸು ಎಂದು ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಹೆಂಚಿನಂತೆ ಕಾದ ಎಂಜಿನ್ ಒಳಗೆ ಆ ನೀರು ವರ್ಷಗಟ್ಟಲೆ ಸುತ್ತಿದರೆ ಕೊಳವೆಗಳ ಒಳಗೆ ಸುಣ್ಣ ಕಟ್ಟುತ್ತದೆ. ಚಹಾದ ಪಾತ್ರೆ ತಳದಲ್ಲಿ ಬಿಳಿ ಪದರು ಕಾಣುತ್ತದಲ್ಲ, ಅದೇ. ಬ್ಲಾಕಿನ ಹಿಂಬದಿಯಲ್ಲಿ ಇನ್ನೊಂದು ಡ್ರೇನ್ ಕಾಕ್ ಇದೆ. ಅದನ್ನು ಪೂರ್ತಿ ಬಿಚ್ಚಿದರೂ ಒಂದು ಹನಿ ಬರಲಿಲ್ಲ. ತಂತಿ ಹಾಕಿ ಕೆದಕಿದಾಗ ಕಪ್ಪು ಕೆಸರು ಕಿತ್ತುಕೊಂಡು ಬಂತು. ಹಿಂದಿನ ಸಿಲಿಂಡರ್ ಸುತ್ತ ನೀರು ಇರಬೇಕಾದ ಜಾಗದಲ್ಲಿ ಮಣ್ಣು ಕೂತಿತ್ತು.

ರೇಡಿಯೇಟರ್ ಬಿಚ್ಚಿ ಚಾಚಾ ಹತ್ತಿರ ಒಯ್ದೆ. ಈ ಊರಿನಲ್ಲಿ ಹಿತ್ತಾಳೆ ರೇಡಿಯೇಟರ್‌ಗೆ ಇನ್ನೂ ಕೈ ಹಾಕುವವರು ಅವರೊಬ್ಬರೇ. ಈಗಿನ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರ್ ಕೆಟ್ಟರೆ ಜನ ಬಿಸಾಡಿ ಹೊಸದು ಹಾಕುತ್ತಾರೆ. ಚಾಚಾ ಮೇಲಿನ ಟ್ಯಾಂಕಿನ ಬೆಸುಗೆ ಕರಗಿಸಿ ಬಿಚ್ಚಿದರು. ಟಾರ್ಚ್ ಹಿಡಿದು ಒಳಗೆ ನೋಡಿದರು.

"ಅರ್ಧಾ ಟ್ಯೂಬ್ ಬಂದ್ ಆಗ್ಯಾವ್ ಬೇಟಾ. ಫ್ಯಾನ್ ಹಾಕಿ ಏನ್ ಮಾಡ್ತಿ? ಗಾಳಿ ಬರ್ತೈತಿ, ನೀರ ಬರೂದಿಲ್ಲ."

ಒಂದೊಂದು ಟ್ಯೂಬಿನಲ್ಲೂ ಚಪ್ಪಟೆ ಸಲಾಕೆ ತೂರಿಸಿ ಸುಣ್ಣ ತೆಗೆದರು. ಒಂದು ದಿನ ಪೂರ್ತಿ ಹಿಡಿಯಿತು. ನಾನು ಪಕ್ಕದಲ್ಲೇ ಕೂತಿದ್ದೆ. ಸಲಾಕೆ ಜೋರಾಗಿ ನೂಕಿದರೆ ಟ್ಯೂಬ್ ಹರಿಯುತ್ತದೆ. ಮೆತ್ತಗೆ ನೂಕಿದರೆ ಸುಣ್ಣ ಬಿಡುವುದಿಲ್ಲ. ಎಷ್ಟು ನೂಕಬೇಕು ಎನ್ನುವುದು ಅವರ ಬೆರಳಿಗೆ ಗೊತ್ತು. ಇಂಥ ಕೈ ಇನ್ನೆಷ್ಟು ವರ್ಷ ನಮಗೆ ಸಿಗುತ್ತದೆ ಎಂದು ನನಗೆ ನಿಜವಾಗಿಯೂ ಚಿಂತೆಯಿದೆ.

ಇತ್ತ ಎಂಜಿನ್‌ನಲ್ಲಿ ಥರ್ಮೋಸ್ಟಾಟ್, ಅಂದರೆ ನೀರು ಕಾಯುವವರೆಗೆ ರೇಡಿಯೇಟರ್ ದಾರಿ ಮುಚ್ಚಿಡುವ ಬಾಯಿ, ಇರಲೇ ಇಲ್ಲ. ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಬಿಸಿಯಾಗುತ್ತದೆ ಎಂದು ಕಿತ್ತು ಹಾಕಿದ್ದರು. ಇದು ನಮ್ಮಲ್ಲಿ ಬಹಳ ಕಡೆ ನಡೆಯುತ್ತದೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ಚಳಿಗಾಲದ ಬೆಳಿಗ್ಗೆ ಎಂಜಿನ್ ಕಾಯುವುದಿಲ್ಲ, ಚೋಕ್ ಜಾಸ್ತಿ ಹೊತ್ತು ಬೇಕಾಗುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. 82 ಡಿಗ್ರಿಯದು ಹುಡುಕಿ ತರಿಸಿ ಹಾಕಿದೆ. ಹಾಕುವ ಮುಂಚೆ ನೀರಿನ ಪಾತ್ರೆಯಲ್ಲಿ ಕುದಿಸಿ, ಬಾಯಿ ತೆರೆಯುತ್ತದಾ ಎಂದು ನೋಡಿಕೊಂಡೆ.

ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಸತ್ತುಹೋಗಿತ್ತು. ಮುಚ್ಚಳದ ಮೇಲೆ 7 ಪೌಂಡ್ ಎಂದು ಬರೆದಿರುತ್ತದಲ್ಲ, ಅದು ಒಳಗಿನ ಒತ್ತಡ. ಆ 7 ಪೌಂಡ್ ಒತ್ತಡದಿಂದ ನೀರು ಕುದಿಯುವ ಹಂತ ಸುಮಾರು 11–12 ಡಿಗ್ರಿ ಮೇಲೆ ಹೋಗುತ್ತದೆ. ಸ್ಪ್ರಿಂಗ್ ಸತ್ತರೆ ಅಷ್ಟು ಡಿಗ್ರಿ ಸುಮ್ನೆ ಕಳೆದುಕೊಂಡಂತೆ. ಹೊಸ ಮುಚ್ಚಳದ ಬೆಲೆ ತೀರ ಕಡಿಮೆ. ಆದರೂ ಅದನ್ನು ಯಾರೂ ಕೊನೆವರೆಗೂ ನೋಡುವುದಿಲ್ಲ. ಟೈಮಿಂಗ್ ಸ್ವಲ್ಪ ಹಿಂದೆ ಬಿದ್ದಿತ್ತು, ಸರಿ ಮಾಡಿದೆ. ನೀರಿನ ಬದಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಬೆರೆಸಿ ತುಂಬಿದೆ.

ಈಗ ಅಳೆಯಬೇಕಿತ್ತು. ಗಾಡಿಯ ಮುಳ್ಳು ನಂಬುವಂತಿರಲಿಲ್ಲ. ಮುಟ್ಟದೆ ದೂರದಿಂದಲೇ ಶಾಖ ತೋರಿಸುವ ಗನ್ ಥರ್ಮಾಮೀಟರ್ ತಂದೆ. ಒಂದು ವಿಷಯ ಗಮನಿಸಿ. ಹೊಳೆಯುವ ಲೋಹಕ್ಕೆ ಅದನ್ನು ಹಿಡಿದರೆ ತಪ್ಪು ತೋರಿಸುತ್ತದೆ. ಥರ್ಮೋಸ್ಟಾಟ್ ಕೂರುವ ಜಾಗದ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕಪ್ಪು ಪೇಂಟ್ ಹಚ್ಚಿ, ಪ್ರತಿ ಸಲ ಅಲ್ಲಿಗೇ ಹಿಡಿದೆವು.

ಮಧ್ಯಾಹ್ನ ಮುಧೋಳಕ್ಕೆ ಹೋಗಿ ಬಂದೆವು. ಹೊರಗೆ 36 ಡಿಗ್ರಿ. 60ರ ವೇಗ. ದಾರಿಯಲ್ಲಿ ಮೂರು ಸಲ ನಿಲ್ಲಿಸಿ ನೋಡಿದೆವು. 84, 86, 85. ವಾಪಸ್ ಬಂದು ರಾಮತೀರ್ಥದ ಏರು ಹತ್ತಿದೆವು. 89.

"ಹಂಗಾರ ಫ್ಯಾನ್ ಬ್ಯಾಡೇನೋ?" ಎಂದರು ಮಾಸ್ತರು.

ಗಾಡಿ ಬರೀ ಊರಿಂದ ಊರಿಗೆ ಓಡುವುದಾಗಿದ್ದರೆ ಬೇಡ ಎಂದೇ ಹೇಳುತ್ತಿದ್ದೆ. ಅದು ನನ್ನ ಖಚಿತ ಅಭಿಪ್ರಾಯ. ಆದರೆ ಮೆರವಣಿಗೆ ಬೇರೆ ಲೆಕ್ಕ. ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಅಂಗಡಿ ಮುಂದೆ ಬಿಸಿಲಲ್ಲಿ ಎಂಜಿನ್ ಚಾಲೂ ಇಟ್ಟು ನಿಲ್ಲಿಸಿದೆವು. ಹತ್ತು ನಿಮಿಷಕ್ಕೆ 91. ಹದಿನೆಂಟಕ್ಕೆ 98. ಇಪ್ಪತ್ತೈದಕ್ಕೆ 104, ಇನ್ನೂ ಏರುತ್ತಿತ್ತು. ಆಫ್ ಮಾಡಿದೆ. ಶುದ್ಧವಾದ ರೇಡಿಯೇಟರ್, ಸರಿಯಾದ ಟೈಮಿಂಗ್, ಹೊಸ ಮುಚ್ಚಳ, ಎಲ್ಲ ಇದ್ದೂ ನಿಂತರೆ ಏರುತ್ತದೆ. ಈಗ ಫ್ಯಾನಿಗೆ ಕಾರಣ ಸಿಕ್ಕಿತು.

ಇಲ್ಲಿ ಬಾನೆಟ್ ಒಳಗಿನ ಬೆಲ್ಟನ್ನು ಸ್ವಲ್ಪ ಹೊತ್ತು ನೋಡಬೇಕು. ಎಂಜಿನ್ ಮುಂದೆ ಇರುವುದು ಒಂದೇ ಬೆಲ್ಟ್. ಅದು ನೀರಿನ ಪಂಪ್ ತಿರುಗಿಸುತ್ತದೆ. ಪಂಪಿನ ಮೂತಿಗೇ ಲೋಹದ ಫ್ಯಾನ್ ಕೂತಿದೆ. ಅದೇ ಬೆಲ್ಟ್ ಡೈನಮೋವನ್ನೂ ತಿರುಗಿಸುತ್ತದೆ. ಗಾಡಿ ನಿಂತಾಗ ಎಂಜಿನ್ ನಿಮಿಷಕ್ಕೆ 700–800 ಸುತ್ತಿಗೆ ಇಳಿಯುತ್ತದೆ. ಆಗ ಫ್ಯಾನ್ ಮೆಲ್ಲಗೆ ಬೀಸುತ್ತದೆ. ಗಾಳಿ ತೀರ ಬೇಕಾದ ಹೊತ್ತಿನಲ್ಲೇ ಅದರ ಶಕ್ತಿ ಕಡಿಮೆ. ಮಾರುತಿ 800ರಂಥ ಗಾಡಿಗಳಲ್ಲಿ ಎಂಜಿನ್ ಅಡ್ಡ ಕೂತಿರುತ್ತದೆ. ಪಂಪ್ ರೇಡಿಯೇಟರ್ ಕಡೆ ಮುಖ ಮಾಡುವುದಿಲ್ಲ. ಹಾಗಾಗಿ ಅವುಗಳಿಗೆ ಮೊದಲಿನಿಂದಲೂ ಕರೆಂಟ್ ಫ್ಯಾನ್. ಎಂಜಿನ್ ಎಷ್ಟೇ ನಿಧಾನ ತಿರುಗಲಿ, ಫ್ಯಾನ್ ತನ್ನ ವೇಗದಲ್ಲಿ ತಿರುಗುತ್ತದೆ.

ಸರಿ, ಫ್ಯಾನನ್ನು ಬೆಲ್ಟಿನಿಂದ ಬಿಡಿಸಿದೆವು ಅನ್ನಿ. ಅದಕ್ಕೆ ಕರೆಂಟ್ ಎಲ್ಲಿಂದ ಬರಬೇಕು? ಡೈನಮೋದಿಂದ. ಡೈನಮೋ ಎಲ್ಲಿದೆ? ಅದೇ ಬೆಲ್ಟಿನ ಮೇಲೆ. ಈ ಗಾಡಿಯಲ್ಲಿ ಇದ್ದದ್ದು 22 ಆಂಪ್ ಡೈನಮೋ. ಆ 22 ಸಿಗುವುದು ಗಾಡಿ ಜೋರಾಗಿ ಓಡುವಾಗ. ನಿಂತಾಗ ಇಗ್ನಿಷನ್ ಲೈಟ್ ಕೆಂಪಗೆ ಮಿಣುಕುತ್ತದಲ್ಲ, ಅದರರ್ಥ ಡೈನಮೋ ಏನೂ ಕೊಡುತ್ತಿಲ್ಲ, ಎಲ್ಲ ಬ್ಯಾಟರಿಯಿಂದ ಹೋಗುತ್ತಿದೆ. ಅಂದರೆ ಫ್ಯಾನ್ ತಿರುಗಬೇಕಾದ ಹೊತ್ತು ಮತ್ತು ಡೈನಮೋ ಕೈ ಚೆಲ್ಲುವ ಹೊತ್ತು ಎರಡೂ ಒಂದೇ. ಫ್ಯಾನ್ ಹಾಕುವವರು ಬಹಳ ಜನ ಇದೊಂದನ್ನು ಯೋಚಿಸುವುದಿಲ್ಲ. ರಾತ್ರಿ ದಾರಿಯಲ್ಲಿ ನಿಂತು ಫೋನ್ ಮಾಡುವ ಹಳೇ ಗಾಡಿಯವರಲ್ಲಿ ಹೆಚ್ಚಿನವರ ತೊಂದರೆ ಇಲ್ಲೇ ಇರುತ್ತದೆ.

ಮಾತಿಗಿಂತ ಪರೀಕ್ಷೆ ಮೇಲು. 12 ಇಂಚಿನ ಹೊಸ ಫ್ಯಾನ್ ತಂದು, ತಾತ್ಕಾಲಿಕವಾಗಿ ಕಟ್ಟಿ, ಡೈನಮೋ ಹಾಗೇ ಇಟ್ಟು ಓಡಿಸಿದೆ. ಕ್ಲಾಂಪ್ ಮೀಟರ್ ಹಿಡಿದರೆ ಫ್ಯಾನ್ 8.5 ಆಂಪ್ ಎಳೆಯುತ್ತಿತ್ತು. ಶುರುವಾಗುವ ಕ್ಷಣದಲ್ಲಿ ಮುಳ್ಳು 20 ದಾಟಿತು. ಎಂಜಿನ್ ತಣ್ಣಗಿತ್ತು, 90ರ ಆಸುಪಾಸಿನಲ್ಲಿ ನಿಂತಿತು. ಆದರೆ ಬ್ಯಾಟರಿ 12.6 ವೋಲ್ಟ್‌ನಿಂದ ಇಪ್ಪತ್ತು ನಿಮಿಷಕ್ಕೆ 12.0ಕ್ಕೆ ಇಳಿಯಿತು. ನಲವತ್ತು ನಿಮಿಷಕ್ಕೆ 11.7. ಮಾಸ್ತರು ನೋಟ್‌ಬುಕ್‌ನಲ್ಲಿ ಕೂಡಿಸಿದರು: ಫ್ಯಾನ್ 8.5, ಇಗ್ನಿಷನ್ 4, ರಾತ್ರಿ ಮೆರವಣಿಗೆ ಅಂದರೆ ಹೆಡ್‌ಲೈಟ್ ಮತ್ತು ಹಿಂದಿನ ಲೈಟ್ ಸೇರಿ 9. ಒಟ್ಟು 21.5. ಒಳಗೆ ಬರುವುದು ಸೊನ್ನೆ.

"ಮದುಮಗ ಇಳದು ನೂಕಬೇಕಾಕ್ಕೈತಿ," ಎಂದು ಪುಸ್ತಕ ಮುಚ್ಚಿದರು.

ಡೈನಮೋ ತೆಗೆದು 36 ಆಂಪ್ ಆಲ್ಟರ್ನೇಟರ್ ಹಾಕುವುದು ಎಂದು ತೀರ್ಮಾನವಾಯಿತು. ಆಲ್ಟರ್ನೇಟರ್ ಎಂಜಿನ್ ನಿಧಾನ ಇದ್ದಾಗಲೂ ಕರೆಂಟ್ ಕೊಡುತ್ತದೆ, ಅದೇ ಅದರ ಗುಣ. ಇದರಲ್ಲಿ ರೆಗ್ಯುಲೇಟರ್ ಒಳಗೇ ಇರುವುದರಿಂದ ಡೈನಮೋ ಕರೆಂಟನ್ನು ಹತೋಟಿಯಲ್ಲಿಡುವ ಹಳೇ ಕಟೌಟ್ ಡಬ್ಬಿ ಬೇಕಾಗುವುದಿಲ್ಲ. ಅದನ್ನು ಸರ್ಕ್ಯೂಟ್‌ನಿಂದ ಬಿಡಿಸಿ, ಡಬ್ಬಿ ಮಾತ್ರ ಇದ್ದ ಜಾಗದಲ್ಲೇ ಬಿಟ್ಟೆ. ಬಾನೆಟ್ ಎತ್ತಿದರೆ ಹಳೇ ಗಾಡಿ ಹಳೇ ಗಾಡಿಯಂತೆಯೇ ಕಾಣಬೇಕು ಎನ್ನುವುದು ಮಾಸ್ತರ ಆಸೆ, ನನ್ನದೂ. ಕೆಲಸ ಶುರು ಮಾಡುವ ಮುಂಚೆ ಅರ್ಥ್ ಯಾವುದು ಎಂದು ನೋಡಿಕೊಂಡೆ. ಹಳೇ ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುವುದು) ಇರುವುದುಂಟು. ಅದರ ಮೇಲೆ ಆಲ್ಟರ್ನೇಟರ್ ಕೂರಿಸಿದರೆ ಒಳಗಿನ ಡಯೋಡ್ ಅದೇ ಕ್ಷಣ ಸುಡುತ್ತದೆ. ಈ ಗಾಡಿ ನೆಗೆಟಿವ್ ಅರ್ಥ್ ಇತ್ತು.

ಬ್ರಾಕೆಟ್ ಲೇತ್‌ನಲ್ಲಿ ಮಾಡಿಸಿದೆವು. ಮೂರು ಪುಲ್ಲಿಗಳೂ ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ಬೆಲ್ಟ್ ತಿಂದುಹೋಗುತ್ತದೆ. ಅದಕ್ಕೆ ಎರಡು ವಾಷರ್ ಕೊಟ್ಟು ಸರಿ ಮಾಡಿದೆ. ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ಹಳೇ ವೈರ್ ಸಾಲದು, 6 ಚದರ ಎಂಎಂನದ್ದು ಎಳೆದೆ. ಎಂಜಿನ್ ನಿಧಾನ ವೇಗವನ್ನು 850ಕ್ಕೆ ಏರಿಸಿದೆ. ಆಗ ಅಲ್ಲೇ ನಿಂತು 14 ಆಂಪ್ ಬರತೊಡಗಿತು. ಫ್ಯಾನ್ ಮತ್ತು ಇಗ್ನಿಷನ್ ಸೇರಿ 12.5. ಹೆಡ್‌ಲೈಟ್ ಹಾಕಿದಾಗ, ಫ್ಯಾನೂ ತಿರುಗುತ್ತಿದ್ದರೆ, ಇನ್ನೂ ಸ್ವಲ್ಪ ಬ್ಯಾಟರಿಯಿಂದ ಹೋಗುತ್ತದೆ. ಆದರೆ ಫ್ಯಾನ್ ಯಾವಾಗಲೂ ತಿರುಗುವುದಿಲ್ಲವಲ್ಲ. ಫ್ಯಾನ್ ಸುಮ್ಮನಿದ್ದ ಹೊತ್ತಿನಲ್ಲಿ ಸ್ವಲ್ಪ ವಾಪಸ್ ಬರುತ್ತದೆ.

ಫ್ಯಾನ್ ಕೂರಿಸುವುದು. ರೇಡಿಯೇಟರ್ ಮುಂದೆ ಕೂರಿಸಿ ಗಾಳಿ ನೂಕಿಸಬಹುದು, ಇಲ್ಲ ಹಿಂದೆ ಕೂರಿಸಿ ಎಳೆಸಬಹುದು. ಮುಂದೆ ಕೂರಿಸುವುದು ಸುಲಭ ಎಂದು ಬಹಳ ಜನ ಹಾಗೇ ಮಾಡುತ್ತಾರೆ. ಆದರೆ ಗಾಡಿ ಓಡುವಾಗ ಅದೇ ಫ್ಯಾನ್ ಗಾಳಿಗೆ ಅಡ್ಡ ನಿಲ್ಲುತ್ತದೆ. ಹಿಂದೆ ಜಾಗ ಇದ್ದರೆ ಹಿಂದೆಯೇ ಹಾಕಬೇಕು. ಲೋಹದ ಫ್ಯಾನ್ ಬಿಚ್ಚಿದ ಮೇಲೆ ಪಂಪಿನ ಪುಲ್ಲಿಗೂ ರೇಡಿಯೇಟರ್‌ಗೂ ನಡುವೆ ನಾಲ್ಕು ಇಂಚು ಮೇಲೆ ಸಿಕ್ಕಿತು. ಫ್ಯಾನ್ ಮೋಟರ್ ದಪ್ಪ ಎರಡೂವರೆ. ಉಳಿದ ಒಂದೂವರೆ ಇಂಚು ಬೇಕೇ ಬೇಕು. ಬ್ರೇಕ್ ಹಾಕಿದಾಗ ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಮುಂದಕ್ಕೆ ಬಾಗುತ್ತದೆ.

ರೇಡಿಯೇಟರ್ ಜಾಲಿಯ ಮೂಲಕ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಫ್ಯಾನ್ ಬಿಗಿಯುವ ಒಂದು ಪದ್ಧತಿ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಫ್ಯಾನ್ ಅದುರುತ್ತದೆ. ಆ ಕಡ್ಡಿ ನಿಧಾನವಾಗಿ ತಾಮ್ರದ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ. ನಾವು ರೇಡಿಯೇಟರ್‌ನ ಅಕ್ಕಪಕ್ಕದ ಹಳೇ ಬೋಲ್ಟ್‌ಗಳಿಗೇ ಎರಡು ಕಬ್ಬಿಣದ ಪಟ್ಟಿ ಕೊಟ್ಟು, ಅದರ ಮೇಲೆ ಫ್ಯಾನ್ ಕೂರಿಸಿದೆವು. ಬಾಡಿಯಲ್ಲಿ ಒಂದೂ ಹೊಸ ತೂತು ಹೊಡೆಯಲಿಲ್ಲ.

12 ಇಂಚಿನ ಫ್ಯಾನ್ ದುಂಡಗೆ, ರೇಡಿಯೇಟರ್ ಚೌಕ. ಹಾಗೇ ಬಿಟ್ಟರೆ ನಡುವಿನ ದುಂಡು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ಮೂಲೆಗಳು ಬಿಸಿಯಾಗೇ ಉಳಿಯುತ್ತವೆ. ಅದಕ್ಕೆ ತಗಡಿನ ಹೊದಿಕೆ ಮಾಡಿ, ಅಂಚಿಗೆ ಸ್ಪಂಜ್ ಪಟ್ಟಿ ಅಂಟಿಸಿದೆ. ನಿಂತಾಗ ಬಹಳ ಚೆನ್ನಾಗಿ ಕೆಲಸ ಮಾಡಿತು. ಮರುದಿನ ಮುಧೋಳ ರಸ್ತೆಗೆ ಒಯ್ದರೆ 85ರಲ್ಲಿ ಇರುತ್ತಿದ್ದ ಗಾಡಿ 92ಕ್ಕೆ ಏರಿತು! ಓಡುವಾಗ ಎದುರಿನಿಂದ ಬರುವ ಗಾಳಿಗೆ ಫ್ಯಾನಿನ ತೂತು ಒಂದೇ ದಾರಿಯಾಗಿತ್ತು. ನಾನೇ ಮುಚ್ಚಿದ್ದೆ. ತಗಡಿನ ನಾಲ್ಕು ಮೂಲೆಗಳಲ್ಲಿ ಅಂಗೈ ಅಗಲದ ಕಿಟಕಿ ಕತ್ತರಿಸಿ, ಹಳೇ ಟ್ಯೂಬಿನ ರಬ್ಬರ್ ತುಂಡುಗಳನ್ನು ಪರದೆಯಂತೆ ತೂಗುಬಿಟ್ಟೆ. ಗಾಡಿ ನಿಂತು ಫ್ಯಾನ್ ಎಳೆದಾಗ ರಬ್ಬರ್ ಬಂದು ಮುಚ್ಚಿಕೊಳ್ಳುತ್ತದೆ. ಓಡುವಾಗ ಗಾಳಿ ಅದನ್ನು ನೂಕಿ ಆಚೆ ಹೋಗುತ್ತದೆ. ಮತ್ತೆ 86ಕ್ಕೆ ಇಳಿಯಿತು. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಆ ನಾಲ್ಕು ರಬ್ಬರ್ ತುಂಡುಗಳು.

ವೈರಿಂಗ್ ವಿಷಯದಲ್ಲಿ ಹೇಳಬೇಕಾದದ್ದು ಇಷ್ಟು. ಫ್ಯಾನಿನ ಕರೆಂಟನ್ನು ಡ್ಯಾಶ್‌ಬೋರ್ಡ್ ಸ್ವಿಚ್ ಮೂಲಕ ನೇರವಾಗಿ ಹಾಯಿಸಬಾರದು. ಹಳೇ ವೈರು ಕರಗುತ್ತದೆ, ಬೆಂಕಿಯೂ ಹತ್ತಬಹುದು. ಈ ಗಾಡಿಯ ಫ್ಯೂಸ್ ಬಾಕ್ಸ್‌ನಲ್ಲಿ ಇರುವುದೇ ಎರಡು ಫ್ಯೂಸ್. ಅವುಗಳ ಮೇಲೆ ಹೊಸ ಭಾರ ಹೊರಿಸಲಿಲ್ಲ. ಬ್ಯಾಟರಿಯಿಂದ ಗೇಣುದ್ದದಲ್ಲೇ 20 ಆಂಪ್ ಫ್ಯೂಸ್, ಅಲ್ಲಿಂದ 4 ಚದರ ಎಂಎಂ ವೈರು ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಚಾಲೂ ಮಾಡುವ ಸ್ವಿಚ್) 30ನೇ ಪಿನ್ನಿಗೆ, 87ನೇ ಪಿನ್ನಿನಿಂದ ಫ್ಯಾನಿಗೆ. 86ಕ್ಕೆ ಇಗ್ನಿಷನ್ ಕರೆಂಟ್. 85 ಮಾತ್ರ ಶಾಖದ ಸ್ವಿಚ್ ಮೂಲಕ ಅರ್ಥ್‌ಗೆ. ಫ್ಯಾನಿನ ಅರ್ಥ್ ವೈರನ್ನು ಬಾಡಿ ತಗಡಿಗೆ ಸಿಕ್ಕಿಸದೆ ಬ್ಯಾಟರಿಯ ನೆಗೆಟಿವ್‌ಗೇ ಒಯ್ದೆ. ಐವತ್ತು ವರ್ಷದ ತುಕ್ಕಿನ ಮೇಲೆ ನಂಬಿಕೆ ಇಡಲಾಗದು. ಫ್ಯಾನ್ ತಿರುಗುವ ದಿಕ್ಕು ಸರಿಯಿದೆಯಾ ಎಂದು ನೋಡಲು ಗ್ರಿಲ್ ಮುಂದೆ ಒಂದು ಹಾಳೆ ಹಿಡಿದೆ. ಅಂಟಿಕೊಂಡರೆ ಸರಿ.

ಶಾಖದ ಸ್ವಿಚ್ 92ಕ್ಕೆ ಹೊತ್ತಿಕೊಂಡು 87ಕ್ಕೆ ಆರುವಂಥದ್ದು. ಅದನ್ನು ಕೂರಿಸಲು ಚಾಚಾ ಮೇಲಿನ ಟ್ಯಾಂಕಿಗೆ ಹಿತ್ತಾಳೆಯ ತಿರುಪಿನ ಬಳೆಯೊಂದನ್ನು ಬೆಸೆದು ಕೊಟ್ಟರು. ಯಾವ ಸ್ವಿಚ್ ಎಂದು ಆಯ್ಕೆ ಮಾಡುವಾಗ ಥರ್ಮೋಸ್ಟಾಟ್ ನೆನಪಿರಲಿ. ಅದು ತೆರೆಯುವುದು 82ಕ್ಕೆ. ಫ್ಯಾನ್ ಆರುವ ಹಂತ ಅದಕ್ಕಿಂತ ಮೇಲಿರಬೇಕು. 80ಕ್ಕೆ ಆರುವ ಸ್ವಿಚ್ ಹಾಕಿದರೆ ಫ್ಯಾನ್ ಆರುವುದೇ ಇಲ್ಲ. ಅದರ ಜೊತೆಗೆ ಡ್ಯಾಶ್ ಕೆಳಗೆ ಕಾಣದಂತೆ ಒಂದು ಕೈ ಸ್ವಿಚ್ ಮತ್ತು ಸಣ್ಣ ಹಸಿರು ದೀಪ ಕೊಟ್ಟೆ. ಕೈ ಸ್ವಿಚ್‌ನಿಂದ ಫ್ಯಾನನ್ನು ಮುಂಚೆಯೇ ಚಾಲೂ ಮಾಡಬಹುದು, ಬಂದ್ ಮಾಡಲು ಬರುವುದಿಲ್ಲ. ಮರೆಯುವುದು ಮನುಷ್ಯರ ಸ್ವಭಾವ. ಬಂದ್ ಮಾಡುವ ಅಧಿಕಾರ ಶಾಖಕ್ಕೇ ಇರಲಿ.

ಏಪ್ರಿಲ್‌ನಲ್ಲಿ ಮತ್ತೆ ಅಂಗಡಿ ಮುಂದೆ ನಿಲ್ಲಿಸಿದೆವು. ಹೊರಗೆ 40 ಡಿಗ್ರಿ. ಒಂದು ತಾಸು ಎಂಜಿನ್ ಚಾಲೂ. 94ರ ಮೇಲೆ ಹೋಗಲಿಲ್ಲ. ಫ್ಯಾನ್ ಮೂರು ನಿಮಿಷ ತಿರುಗಿ ಮೂರು ನಿಮಿಷ ಸುಮ್ಮನಿರುತ್ತಿತ್ತು. ಬ್ಯಾಟರಿ 13.6.

ಮೇ ಎರಡನೇ ವಾರ ಮದುವೆ. ಸಂಜೆ ಆರೂವರೆಗೆ ಮೆರವಣಿಗೆ. ನಾನು ಹೋಗಿ ನೋಡಿದರೆ ಹೂವಿನವರು ಗ್ರಿಲ್ ಪೂರ್ತಿ ಚೆಂಡುಹೂವಿನ ಪರದೆ ಕಟ್ಟಿದ್ದರು! ನೋಡಲು ಬಹಳ ಚೆಂದ ಇತ್ತು. ಆದರೆ ಗಾಳಿ ಒಳಗೆ ಹೋಗಲು ಒಂದು ಸಂದಿಯೂ ಇರಲಿಲ್ಲ. ಮೂರು ತಿಂಗಳ ಕೆಲಸ ಒಂದು ಹೂವಿನ ಹೊದಿಕೆಯಲ್ಲಿ ಮುಚ್ಚಿಹೋಗಿತ್ತು. ಕೈ ಮುಗಿದು ಕೇಳಿಕೊಂಡೆ. ಅವರೂ ಬೇಸರ ಮಾಡಿಕೊಳ್ಳದೆ ಬಿಚ್ಚಿ ಬಾನೆಟ್ ಮೇಲೆ ಮತ್ತು ಬಾಗಿಲುಗಳಿಗೆ ಕಟ್ಟಿಕೊಟ್ಟರು. ಮದುವೆಗೆ ಹಳೇ ಗಾಡಿ ಕೊಡುವವರು ಎಲ್ಲದಕ್ಕಿಂತ ಮೊದಲು ಇದನ್ನು ನೋಡಿಕೊಳ್ಳಬೇಕು.

ಮನೆಯಿಂದ ಮದುವೆ ನಡೆಯುವ ಕಾರ್ಯಾಲಯಕ್ಕೆ ಒಂದೂವರೆ ಕಿಲೋಮೀಟರ್. ಒಂದು ತಾಸು ನಲವತ್ತು ನಿಮಿಷ ಹಿಡಿಯಿತು. ಮುಂದೆ ಹಲಗಿ, ಬ್ಯಾಂಡು, ಕುಣಿಯುವ ಹುಡುಗರು. ಹಿಂದೆ ಮದುಮಗ. ಮುಂದಿನ ಸೀಟಿನಲ್ಲಿ ಮಾಸ್ತರು ರೇಷ್ಮೆ ರುಮಾಲು ಸುತ್ತಿಕೊಂಡು, ತೊಡೆ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕೂತಿದ್ದರು. ಹಸಿರು ದೀಪ ಹೊತ್ತಿದಾಗಲೆಲ್ಲ ಒಂದು ಗೆರೆ ಎಳೆದರು. ಹದಿನಾಲ್ಕು ಗೆರೆ. ನಾನು ಪಕ್ಕದಲ್ಲಿ ನಡೆಯುತ್ತಾ ಎರಡು ಸಲ ಬಾನೆಟ್ ಎತ್ತಿ ಅಳೆದೆ. ಜಾಸ್ತಿ ಅಂದರೆ 95. ಹೆಡ್‌ಲೈಟ್ ಇದ್ದೂ ಬ್ಯಾಟರಿ 12.5ರ ಕೆಳಗೆ ಇಳಿಯಲಿಲ್ಲ.

ಕಾರ್ಯಾಲಯದ ಮುಂದೆ ಗಾಡಿ ಬಂದ್ ಮಾಡಿದರು. ಕಾಲು ತಾಸಿನ ನಂತರ ಪಕ್ಕಕ್ಕೆ ಸರಿಸಲು ಹೋದರೆ ಸ್ಟಾರ್ಟ್ ಆಗಲಿಲ್ಲ.

ನೋಟ್‌ಬುಕ್ಕಿನ ನಾಲ್ಕನೇ ಸಲದ ರೋಗ. ಎಂಜಿನ್ ಬಂದ್ ಆದ ಮೇಲೆ ನೀರೂ ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ. ಕಬ್ಬಿಣದಲ್ಲಿರುವ ಶಾಖ ಬಾನೆಟ್ ಒಳಗೇ ಸುತ್ತುತ್ತದೆ. ಪೆಟ್ರೋಲ್ ಪಂಪ್ ಎಂಜಿನ್ ಪಕ್ಕಕ್ಕೇ ಅಂಟಿಕೊಂಡಿದೆ. ಒಳಗಿನ ಪೆಟ್ರೋಲ್ ಆವಿಯಾಗುತ್ತದೆ. ಪಂಪ್ ಆವಿಯನ್ನು ನೂಕಲಾರದು. ಹಿಂದಿನ ಡ್ರೈವರ್‌ಗಳು ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದದ್ದು ಇದಕ್ಕೇ. ನಾನೂ ಟವೆಲ್ ಒದ್ದೆ ಮಾಡಿ ಹಾಕಿದೆ. ಐದು ನಿಮಿಷಕ್ಕೆ ಸ್ಟಾರ್ಟ್ ಆಯಿತು. ಈಗ ಪೆಟ್ರೋಲಿನಲ್ಲಿ ಎಥನಾಲ್ ಕೂಡ ಬೆರೆಸುತ್ತಾರೆ. ನಮ್ಮ ಜಮಖಂಡಿ, ಮುಧೋಳದ ಕಬ್ಬಿನಿಂದಲೂ ಅದು ತಯಾರಾಗುತ್ತದೆ. ರೈತರಿಗೆ ಅದು ಒಳ್ಳೆಯದೇ. ಆದರೆ 1977ರ ಪಂಪಿನ ರಬ್ಬರ್ ಆ ಕಾಲದ ಪೆಟ್ರೋಲಿಗೆಂದು ಮಾಡಿದ್ದು. ಡಯಾಫ್ರಂ (ಪಂಪಿನೊಳಗಿನ ರಬ್ಬರ್ ಪರದೆ) ಮತ್ತು ಪೈಪ್‌ಗಳನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸುವುದು ಒಳ್ಳೆಯದು.

ಮದುವೆ ಮುಗಿದ ವಾರ ಗಾಡಿ ಮತ್ತೆ ಬಂತು. ಸೈಲೆನ್ಸರ್ ಪೈಪಿನ ಹತ್ತಿರ ಹಾದುಹೋಗುತ್ತಿದ್ದ ಪೆಟ್ರೋಲ್ ಪೈಪನ್ನು ದೂರ ಸರಿಸಿದೆ. ಪಂಪಿಗೂ ಎಂಜಿನ್‌ಗೂ ನಡುವೆ ಅಲ್ಯೂಮಿನಿಯಂ ತಗಡು ಅಡ್ಡ ಕೊಟ್ಟೆ. ಕೈ ಸ್ವಿಚ್ಚನ್ನು ಬ್ಯಾಟರಿಯಿಂದ ನೇರ ಕೊಟ್ಟು, ಕೀ ತೆಗೆದ ಮೇಲೂ ಫ್ಯಾನ್ ಮೂರು ನಿಮಿಷ ತಿರುಗುವಂತೆ ಟೈಮರ್ ಇಟ್ಟೆ. ನೀರು ನಿಂತಿರುವುದರಿಂದ ಎಂಜಿನ್ ಅಷ್ಟೇನೂ ತಣ್ಣಗಾಗುವುದಿಲ್ಲ. ಆದರೆ ಬಾನೆಟ್ ಒಳಗಿನ ಬಿಸಿ ಗಾಳಿ ಕೆಳಗೆ ಹೋಗುತ್ತದೆ. ಮೂರು ನಿಮಿಷಕ್ಕೆ ಬ್ಯಾಟರಿಗೆ ತೊಂದರೆಯಿಲ್ಲ.

ಖರ್ಚಿನ ಲೆಕ್ಕ ನೋಡಿದರೆ ಫ್ಯಾನಿನ ಬೆಲೆ ಒಟ್ಟಿನಲ್ಲಿ ಐದರಲ್ಲಿ ಒಂದು ಪಾಲು. ಹೆಚ್ಚು ಹಣ ಹೋದದ್ದು ಆಲ್ಟರ್ನೇಟರ್‌ಗೆ ಮತ್ತು ರೇಡಿಯೇಟರ್ ಕೆಲಸಕ್ಕೆ. ಹಳೇ ಲೋಹದ ಫ್ಯಾನ್, ಅದರ ನಾಲ್ಕು ಬೋಲ್ಟ್ ಮತ್ತು ಡೈನಮೋ ಗೋಣಿಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿವೆ. ಬೇಕೆಂದರೆ ಒಂದು ದಿನದಲ್ಲಿ ಗಾಡಿಯನ್ನು ಮೊದಲಿದ್ದಂತೆ ಮಾಡಬಹುದು.

ಮಾಸ್ತರು ನೋಟ್‌ಬುಕ್‌ನಲ್ಲಿ ಹೊಸ ಪುಟ ತೆರೆದಿದ್ದಾರೆ. ಮೇಲೆ "ಚಹಾಕ್ಕ ನಿಲ್ಲಿಸಿದ ಮ್ಯಾಲ" ಎಂದು ಬರೆದಿದ್ದಾರೆ. ಇಲ್ಲಿವರೆಗೆ ಒಂಬತ್ತು ಸಲ ನಿಲ್ಲಿಸಿದ್ದಾರೆ. ಎಂಟು ಸಲ ಮೊದಲ ಚಾವಿಗೇ ಸ್ಟಾರ್ಟ್ ಆಗಿದೆ. ಒಂದು ಸಲ, 41 ಡಿಗ್ರಿ ಬಿಸಿಲಿನಲ್ಲಿ, ಟವೆಲ್ ಬೇಕಾಯಿತು.